ಮೂರನೇ ವಾಲಿಗೆ ಸೇರಿದ ಜನ

“ನನ್ ಕೇಳುದ್ರೆ ಊರು ಅಂದ್ರೆ ನಾಕು ವಾಲು ಕಣ್ ದೊಡ್ಡವ್ವ. ನಿಮ್ಗೆಲ್ಲ ಬೀದಿ ಕಾಣ್ತದೆ, ಗುಡಿ ಕಾಣ್ತದೆ, ಅವ್ರ ಮನೆ ಇವ್ರ ಮನೆ ಅಂತ ಕಾಣ್ತದೆ. ನಂಗೆ ಕಾಣದು ನೆಲದೊಳ್ಗಿರೋ ಪೈಪು. ಒಂದ್ನೇ ವಾಲು ತಿರುವುದ್ರೆ ದೊಡ್ಡ ಬೀದಿ. ಎಲ್ಡ್ನೇದು ಗುಡಿ ಬೀದಿ. ಮೂರ್ನೇದು ಕೆಳಗಲ ಬೀದಿ. ನಾಕ್ನೇದು ನಾಲೆ ಆಚೆ ಹುಂಡಿ. ಇಷ್ಟೇಯ ನಮ್ಮೂರು. ಬೆಳಿಗ್ಗೆ ಐದೂವರೆಗೆ ನೀರು ಬಿಟ್ರೆ ಯಾರ್ ಎದ್ದವ್ರೆ, ಯಾರ್ ಎದ್ದಿಲ್ಲ ಅಂತ ನಾನು ಬಾಗ್ಲಿಗೋಗಿ ನೋಡ್ಬೇಕಾಗಿಲ್ಲ. ವಾಲ್ ಮ್ಯಾಲೆ ಕೈ ಮಡಗುದ್ರೆ ಸಾಕು. ಎಲ್ಲಾ ನಲ್ಲಿನೂ ತಿರುವಿದ್ರೆ ನೀರು ಗೊರಗೊರ ಅಂತ ಓಯ್ತದೆ. ಅರ್ಧ ಜನ ಮಲ್ಗಿದ್ರೆ ಪೈಪು ಗುಂಯ್ ಅಂತದೆ. ಮದ್ವೆ ಮನೆ ಯಾವ್ದು, ಸೂತಕದ ಮನೆ ಯಾವ್ದು, ಯಾರ್ ಮಗ್ಳು ಬಾಣಂತನಕ್ಕೆ ಬಂದವ್ಳೆ, ಎಲ್ಲಾ ನೀರಲ್ಲೇ ತಿಳೀತದೆ. ಬಾಣಂತಿ ಇರೋ ಮನೇಲಿ ಅಂಡೆ ತುಂಬೋಗಂಟ ನಲ್ಲಿ ನಿಲ್ಸಲ್ಲ ನೋಡು.

“ಇಂಗಿರೋವಾಗ, ಯಾರೋ ಕುಂತ್ಕಂಡು ಕಾಗ್ದದ ಮ್ಯಾಲೆ ಗೆರೆ ಎಳುದ್ರೆ ಬೀದಿ ಎಲ್ಡಾಗ್ಬುಡ್ತದಾ? ಬೇಕಾದ್ರೆ ಅಗುದ್ ನೋಡ್ಲಿ. ನೀರು ಎಲ್ಲಿಗಂಟ ಓಯ್ತದೋ ಅಲ್ಲಿಗಂಟ ಒಂದೇ ಬೀದಿ. ನಾನೇನು ಏಳ್ನೇ ಕ್ಲಾಸು. ಆದ್ರೂ ಇಷ್ಟು ಗೊತ್ತಾಯ್ತದೆ. ಅದ್ನ ಏಳಕ್ಕೇ ನರಸೀಪುರಕ್ಕೆ ಓಗಿದ್ದು, ಜಗಳಕ್ಕಲ್ಲ. ಆದ್ರೆ ಒಂದ್ ಮಾತು ಏಳ್ಬೇಕು. ಅಷ್ಟು ಜಂಬ ಪಟ್ಕಂಡು ಲೆಕ್ಕ ಮಾಡುದ್ನಲ್ಲ, ನನ್ ಲೆಕ್ಕದಲ್ಲೂ ಒಂದ್ ತೂತಿತ್ತು.”

ಪುಟ್ಟಲಕ್ಷ್ಮಿ ಇದನ್ನೆಲ್ಲ ಹೇಳಿದ್ದು ನಮ್ಮ ಜಗುಲಿಯ ಮೇಲೆ ಕುಳಿತು, ವಾಲು ತಿರುವುವ ಕಬ್ಬಿಣದ ಕೀಗೆ ಹರಳೆಣ್ಣೆ ಸವರುತ್ತ. ಆ ಕೀ ಅವಳ ಎದೆಯೆತ್ತರ ಇದೆ. ಮೇಲೆ ಅಡ್ಡ ಹಿಡಿ, ಕೆಳಗೆ ಚೌಕದ ಬಾಯಿ. ಹೆಗಲ ಮೇಲೆ ಹಾಕಿಕೊಂಡು ಬೀದಿಯಲ್ಲಿ ನಡೆದರೆ ಹೊಸಬರು ಇವಳ್ಯಾರೋ ಗದ್ದೆ ಕೆಲಸಕ್ಕೆ ಹೊರಟವಳು ಅಂದುಕೊಳ್ಳಬೇಕು. ಅವಳು ನಮ್ಮೂರಿನ ನೀರುಗಂಟಿ. ಮೊದಲು ಅವಳ ಗಂಡ ಕೃಷ್ಣಕುಮಾರ ಆ ಕೆಲಸದಲ್ಲಿದ್ದ. ಅವನು ತೀರಿಕೊಂಡ ಹನ್ನೆರಡನೇ ದಿನ ಪಂಚಾಯ್ತಿಯವರು ಕೀ ವಾಪಸ್ ಕೇಳಲು ಬಂದರು. ಇವಳು ಕೀ ಕೊಡಲಿಲ್ಲ. “ಹನ್ನೆರಡು ದಿನದಿಂದ ನೀರ್ ಬಿಟ್ಟಿರದು ಯಾರು ಅಂದ್ಕಂಡ್ರಿ?” ಎಂದಳು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾಫಿ ಕುಡಿದು ಹೋದರು. ಅದಾಗಿ ಹನ್ನೊಂದು ವರ್ಷ.

ನಮ್ಮೂರು ಹೊಂಗೆಕೊಪ್ಪಲು. ಸುತ್ತೂರಿನ ಆಚೆ, ನಂಜನಗೂಡಿಗೂ ನರಸೀಪುರಕ್ಕೂ ನಡುವೆ ಸಿಕ್ಕಿಕೊಂಡಿದೆ. ಸಂತೆ, ಸೀರೆ, ಆಸ್ಪತ್ರೆ ಎಲ್ಲಕ್ಕೂ ನಂಜನಗೂಡಿಗೆ ಹೋಗುತ್ತೇವೆ, ಬಸ್ಸು ಗಂಟೆಗೊಂದಿದೆ. ಸರ್ಕಾರದ ಕಾಗದಕ್ಕೆ ಮಾತ್ರ ನರಸೀಪುರಕ್ಕೆ ಹೋಗಬೇಕು. ಅಲ್ಲಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಹಾಗಾಗಿ ನಮ್ಮೂರಿನವರು ಸರ್ಕಾರದ ಜೊತೆ ಜಗಳ ಆಡಬೇಕಾದರೆ ಇಡೀ ದಿನ ಬೇಕು.

ಈ ಸಂಗತಿ ಶುರುವಾದದ್ದು ಒಂದು ಸುಟ್ಟ ಸ್ಟಾರ್ಟರಿನಿಂದ. ಬೋರಿನ ಮೋಟಾರಿನ ಸ್ಟಾರ್ಟರ್ ಸುಟ್ಟಿದೆ ಎಂದು ಹೇಳಲು ಪುಟ್ಟಲಕ್ಷ್ಮಿ ಪಂಚಾಯ್ತಿ ಆಫೀಸಿಗೆ ಹೋದಳು. ಪಿಡಿಒ ಊಟಕ್ಕೆ ಹೋಗಿದ್ದರು. ಕಾಯುತ್ತ ನಿಂತವಳು ನೋಟೀಸ್ ಬೋರ್ಡ್ ಓದಿದಳು. ನಮ್ಮ ಪಂಚಾಯ್ತಿಯ ನೋಟೀಸ್ ಬೋರ್ಡನ್ನು ಯಾರೂ ಓದುವುದಿಲ್ಲ, ಅದರ ಕೆಳಗಿನ ಕಟ್ಟೆಯ ಮೇಲೆ ಕುಳಿತು ಬೀಡಿ ಸೇದುತ್ತಾರೆ. ಅಲ್ಲಿ ಮೂರು ಹಾಳೆ ಅಂಟಿಸಿತ್ತು. ಪಂಚಾಯ್ತಿ ಎಲೆಕ್ಷನ್ನಿಗೆ ವಾರ್ಡುಗಳನ್ನು ಹೊಸದಾಗಿ ಹಂಚಿದ್ದಾರೆ, ಇದು ಕರಡು, ತಕರಾರಿದ್ದವರು ತಹಸೀಲ್ದಾರರಿಗೆ ಬರೆದುಕೊಡಬಹುದು ಎಂದು ಬರೆದಿತ್ತು. ಕೊನೆಯ ದಿನಕ್ಕೆ ಇನ್ನು ಆರು ದಿನ ಇತ್ತು. ಹಾಳೆ ಅಂಟಿಸಿ ಆಗಲೇ ಒಂಬತ್ತು ದಿನ ಆಗಿತ್ತು.

ವಾರ್ಡಿನ ಎಲ್ಲೆಯನ್ನು ಜಮೀನಿಗೆ ಚಕ್ಕುಬಂದಿ ಬರೆಯುವ ಹಾಗೆ ಬರೆದಿದ್ದರು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಹಿತ್ತಲು, ಹೀಗೆ. ಪುಟ್ಟಲಕ್ಷ್ಮಿ ಒಂದು ಸಲ ಓದಿದಳು, ತಲೆಗೆ ಹೋಗಲಿಲ್ಲ. ಎರಡನೇ ಸಲ ಕಣ್ಣು ಮುಚ್ಚಿಕೊಂಡು, ಹೆಸರು ಹೆಸರಿಗೂ ಆ ಮನೆಯ ಮುಂದಿನ ನಲ್ಲಿ ನೆನೆದುಕೊಂಡಳಂತೆ. ಆಗ ಗೊತ್ತಾಯಿತು, ಕೆಳಗಲ ಬೀದಿಯನ್ನು ಎರಡು ಪಾಲು ಮಾಡಿದ್ದಾರೆ. ಒಂದು ಪಾಲು ದೊಡ್ಡ ಬೀದಿಯ ವಾರ್ಡಿಗೆ, ಇನ್ನೊಂದು ನಾಲೆ ಆಚೆಯ ಸಣ್ಣ ಊರಿಗೆ, ಅಂದರೆ ಹುಂಡಿಗೆ. ಕೆಳಗಲ ಬೀದಿಗೆ ಅಂತ ವಾರ್ಡೇ ಇಲ್ಲ.

ಊಟ ಮುಗಿಸಿ ಬಂದ ಪಿಡಿಒ ಅವಳನ್ನು ಕೂರಿಸಿ ಹೇಳಿದರು. “ನಾನೂರು ಜನಕ್ಕೆ ಒಬ್ರು ಮೆಂಬರಮ್ಮ. ಹೋದ ಸಲ ಅಂದಾಜಲ್ಲಿ ಕೊಟ್ಟಿದ್ರು. ಈ ಸಲ ನಮ್ಮ ಪಂಚಾಯ್ತಿಯ ಖಾತೆ ಪುಸ್ತಕ ನೋಡಿ ಮನೆ ಹಿಡಿದು ಲೆಕ್ಕ ಹಾಕಿದ್ದಾರೆ. ಕೆಳಗಲ ಬೀದಿ ನಾನೂರು ಮುಟ್ಟಲ್ಲ.”

“ಮುಟ್ಟದಿದ್ರೆ ಇಡಿಯಾಗಿ ಒಂದ್ ಕಡೀಕ್ ಸೇರ್ಸಿ ಸಾ. ಮದ್ಯಕ್ಕೆ ಯಾಕ್ ಕುಯ್ದಿರದು?”

ಪಿಡಿಒ ಫ್ಯಾನಿನ ಕಡೆ ನೋಡಿದರು. “ಮೀಟಿಂಗಲ್ಲಿ ಹಾಗೆ ತೀರ್ಮಾನ ಆಯ್ತು.”

ಮೀಟಿಂಗು ಅಂದರೆ ಗಂಗಾಧರಸ್ವಾಮಿಯವರು. ಇದನ್ನು ನಮ್ಮೂರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಬೀದಿಯ ಮೆಂಬರು, ಹದಿನಾಲ್ಕು ಎಕರೆ ಕಬ್ಬು, ಯಾರ ಮನೆಯಲ್ಲಿ ಕಷ್ಟ ಬಂದರೂ ಮೊದಲು ಬೈಕ್ ನಿಲ್ಲಿಸುವವರು. ಕೆಟ್ಟವರು ಅನ್ನುವ ಹಾಗಿಲ್ಲ. ಆದರೆ ಪಂಚಾಯ್ತಿಯಲ್ಲಿ ತಮ್ಮ ಮಾತಿಗೆ ಇನ್ನೊಂದು ಮಾತು ಬಂದರೆ ಅವರಿಗೆ ಊಟ ಸೇರುವುದಿಲ್ಲ. ಹೋದ ಐದು ವರ್ಷ ಕೆಳಗಲ ಬೀದಿಯ ಮೆಂಬರಾಗಿ ಸಿದ್ದಲಿಂಗಮ್ಮ ಕುಳಿತಿದ್ದಳು. ಆಕೆ ಮೀಟಿಂಗಿಗೆ ಎಲೆಅಡಿಕೆ ಚೀಲ ಹಿಡಿದುಕೊಂಡೇ ಹೋಗುತ್ತಿದ್ದಳು. ಚೀಲ ಖಾಲಿಯಾಗುವ ತನಕ ಎದ್ದು ಬರುತ್ತಿರಲಿಲ್ಲ. ಸ್ವಾಮಿಯವರು ಐದು ವರ್ಷ ಸರಿಯಾಗಿ ಊಟ ಮಾಡಿರಲಿಕ್ಕಿಲ್ಲ.

ಅವತ್ತು ಸಂಜೆ ಪುಟ್ಟಲಕ್ಷ್ಮಿ ನಮ್ಮ ಅಂಗಳದಲ್ಲಿ ರಂಗೋಲಿ ಪುಡಿ ತೆಗೆದುಕೊಂಡು ಊರು ಬರೆದಳು. ಟ್ಯಾಂಕು, ನಾಲ್ಕು ವಾಲು, ಬೀದಿಗಳು. ಆಮೇಲೆ ಆ ನೋಟೀಸಿನ ಗೆರೆಯನ್ನು ಕೆಮ್ಮಣ್ಣಿನಲ್ಲಿ ಎಳೆದಳು. ಗೆರೆ ದೊಡ್ಡ ಬೀದಿಯಿಂದ ಇಳಿಯಿತು, ಹಿಟ್ಟಿನ ಗಿರಣಿ ಬಳಸಿತು, ಎರಡು ಮನೆ ಬಿಟ್ಟಿತು, ಮೂರು ಮನೆ ಹಿಡಿಯಿತು, ಒಂದು ಹಿತ್ತಲಲ್ಲಿ ನುಗ್ಗಿ ಇನ್ನೊಂದು ಕೊಟ್ಟಿಗೆಯ ಹಿಂದೆ ಎದ್ದಿತು. ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸರೆಲ್ಲ ಸುತ್ತ ನಿಂತರು.

“ಇದ್ಯಾವ್ ರಂಗೋಲಿನೇ ತಾಯಿ? ಚುಕ್ಕಿನೂ ಇಲ್ಲ, ಎಳೆನೂ ಇಲ್ಲ.”

“ಆವು ಮೊಟ್ಟೆ ನುಂಗ್ದಂಗದೆ.”

“ತಡಿ, ಮೊಟ್ಟೆ ಯಾರ ಮನೇವು ನೋಡಾನ,” ಎಂದಳು ಸಿದ್ದಲಿಂಗಮ್ಮ, ಬಗ್ಗಿ ನೋಡುತ್ತ. ಗೆರೆ ನುಂಗಿದ್ದ ಮನೆಗಳೆಲ್ಲ ಸ್ವಾಮಿಯವರ ಕಬ್ಬಿನ ಗದ್ದೆಗೆ ಕೆಲಸಕ್ಕೆ ಹೋಗುವವರದು. ಗೆರೆಯಾಚೆ ಹುಂಡಿಗೆ ತಳ್ಳಿದ್ದು ಸಿದ್ದಲಿಂಗಮ್ಮನ ಓರಗಿತ್ತಿಯರು, ಬೀಗರು, ಅವಳ ಜೊತೆ ಎಲೆಅಡಿಕೆ ಹಾಕಿಕೊಳ್ಳುವವರು. “ಅಲ್ಲಾ, ನನ್ ನೆಂಟ್ರುನ್ನ ನಂಗಿಂತ ಚೆನ್ನಾಗಿ ನೆನಪಿಟ್ಟವ್ರಲ್ಲ ಸ್ವಾಮ್ಗೋಳು,” ಎಂದಳು.

ಎಲ್ಲರೂ ನಕ್ಕರು. ಪುಟ್ಟಲಕ್ಷ್ಮಿ ನಗಲಿಲ್ಲ. ಕೆಳಗಲ ಬೀದಿಗೆ ಮೆಂಬರು ಇಲ್ಲದ ಕಾಲ ಅವಳಿಗೆ ನೆನಪಿತ್ತು. ಆಗ ಕೃಷ್ಣಕುಮಾರ ನೀರುಗಂಟಿ. ಕೆಳಗಲ ಬೀದಿಗೆ ನೀರು ಕಟ್ಟಕಡೆಗೆ ಬಿಡಬೇಕೆಂದು ಮೇಲಿನಿಂದ ಹೇಳಿಕೆ ಇತ್ತು. ಹನ್ನೆರಡು ಗಂಟೆಗೆ ಬರುತ್ತಿತ್ತು, ಕೂಲಿಗೆ ಹೋದವರು ಬರುವಷ್ಟರಲ್ಲಿ ನಿಂತುಹೋಗುತ್ತಿತ್ತು. ಹೇಳಿದವರು ಮನೆಯಲ್ಲಿರುತ್ತಿದ್ದರು. ಬಾಗಿಲು ಬಾಗಿಲಿಗೆ ಬೈಗುಳ ತಿಂದದ್ದು ಅವಳ ಗಂಡ, ಅವನು ಹೋದ ಮೇಲೆ ಕೆಲವು ವರ್ಷ ಅವಳು. ಸಿದ್ದಲಿಂಗಮ್ಮ ಗೆದ್ದ ಮೇಲೇ ನೀರಿನ ಸರದಿ ಗೋಡೆಯ ಮೇಲೆ ಬರೆಸಿದ್ದು, ಮೂರನೇ ವಾಲಿಗೆ ಆರೂಕಾಲು ಅಂತ. “ನಾಳೆ ಸರದಿ ಬದ್ಲಾಯ್ಸು ಅಂದ್ರೆ ತಿರುವೋಳು ನಾನೇ ತಾನೆ? ನನ್ ಕೈಲಿ ಆಗಲ್ಲ,” ಎಂದಳು.

ಹಾಗಾಗಿ ಲೆಕ್ಕ ಶುರುವಾಯಿತು. ನಮ್ಮ ಕಡೆ ಹೆಂಗಸರು ಏನನ್ನಾದರೂ ಎಣಿಸಬೇಕಾದರೆ ಹುಣಿಸೆ ಬೀಜ ತರುತ್ತಾರೆ. ಒಬ್ಬೊಬ್ಬರಾಗಿ ಬಂದು ತಮ್ಮ ಮನೆಯಲ್ಲಿ ಎಷ್ಟು ಜನವೋ ಅಷ್ಟು ಬೀಜ ಮೂರನೇ ವಾಲಿನ ಗೆರೆಯ ಪಕ್ಕ ಇಟ್ಟರು. ಬಾರದವರ ಮನೆಗೆ ಪುಟ್ಟಲಕ್ಷ್ಮಿಯೇ ಇಟ್ಟಳು. ಯಾವ ನಲ್ಲಿಗೆ ಎಷ್ಟು ಬಾಯಿ ಎಂದು ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೆ. ಎಪ್ಪತ್ತೊಂದು ನಲ್ಲಿ, ಮುನ್ನೂರ ಅರವತ್ತಾರು ಬೀಜ.

“ಮುವ್ವತ್ನಾಕು ಕಮ್ಮಿ,” ಎಂದು ಯಾರೋ ನಿಟ್ಟುಸಿರು ಬಿಟ್ಟರು.

“ಬಸ್ರಿಯರ್ಗೆ ಎಲ್ಡೆಲ್ಡು ಮಡಗಿ.”

“ಮುವ್ವತ್ನಾಕ್ ಜನ ಬಸ್ರಿಯರು ಎಲ್ಲಿಂದ್ ತರೋಣ? ನೀನ್ ಆಯ್ತಿಯಾ ಈ ವಯಸ್ಗೆ?”

“ನಿನ್ ಮನೆ ಬೀಜ ಎಲ್ಲಿ ಪುಟ್ಟಿ? ನೀನು, ನಿಮ್ಮತ್ತೆ, ಎಲ್ಡಾದ್ರೂ ಆಯ್ತವೆ,” ಎಂದಳು ಸಿದ್ದಲಿಂಗಮ್ಮ.

ಪುಟ್ಟಲಕ್ಷ್ಮಿಯ ಮನೆ ಇರುವುದು ಕೆಳಗಲ ಬೀದಿಯ ಬಾಯಲ್ಲೇ, ಮೂಲೆಯಲ್ಲಿ. ಆದರೆ ಅವಳ ನಲ್ಲಿಗೆ ನೀರು ಬರುವುದು ದೊಡ್ಡ ಬೀದಿಯ ಪೈಪಿನಿಂದ. “ನಮ್ದು ಒಂದ್ನೇ ವಾಲು ಅಕ್ಕ,” ಎಂದಳು. ಬೀಜ ಇಡಲಿಲ್ಲ.

ಕಡಿಮೆಯಾದರೂ ಪರವಾಗಿಲ್ಲ, ಬೀದಿಯನ್ನು ಕತ್ತರಿಸಬೇಡಿ ಅಂತಾದರೂ ಕೇಳೋಣ ಎಂದು ಮಾರನೇ ದಿನ ಬೆಳಗಿನ ಬಸ್ಸಿಗೆ ಅವಳೂ ಸಿದ್ದಲಿಂಗಮ್ಮನೂ ನರಸೀಪುರಕ್ಕೆ ಹೋದರು. ಅಲ್ಲಿ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುವ ರುದ್ರೇಶ ಅಂತ ಒಬ್ಬನಿದ್ದಾನೆ. ಪಹಣಿ ತಿದ್ದುಪಡಿ, ವಿಧವಾ ವೇತನ, ವಂಶವೃಕ್ಷ, ಎಲ್ಲಕ್ಕೂ ಅವನಲ್ಲಿ ಒಂದೊಂದು ಮಾದರಿ ಇದೆ. ಇದಕ್ಕೆ ಇರಲಿಲ್ಲ.

“ಏನಂತ ಬರೀಲವ್ವ? ಯಾರ ಮೇಲೆ ದೂರು?”

“ಯಾರ್ ಮ್ಯಾಲೂ ಅಲ್ಲ. ಗೆರೆ ಮ್ಯಾಲೆ.”

ರುದ್ರೇಶ ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದ. “ಇಪ್ಪತ್ತು ವರ್ಷದಲ್ಲಿ ಮೊದಲ್ನೇದು,” ಎಂದು ಬರೆದುಕೊಟ್ಟ. ಎಂಟು ದಿನ ಬಿಟ್ಟು ವಿಚಾರಣೆಗೆ ಬನ್ನಿ ಎಂದು ಕಚೇರಿಯವರು ಮೊಹರು ಹಾಕಿದ ಚೀಟಿ ಕೊಟ್ಟರು.

ಈ ಸುದ್ದಿ ಊರೆಲ್ಲ ಹರಡಿತು. ಮೂರನೇ ದಿನ ಬೆಳಿಗ್ಗೆ ಪುಟ್ಟಲಕ್ಷ್ಮಿ ಮೂರನೇ ವಾಲು ತಿರುವುತ್ತಿದ್ದಾಗ ಚಲುವಯ್ಯ ಎರಡು ಕೊಡ ಹಿಡಿದುಕೊಂಡು ಬಂದ. ಚಲುವಯ್ಯ ಇರುವುದು ನಾಲೆ ಏರಿಯ ಮೇಲೆ, ಕೆಳಗಲ ಬೀದಿ ಮುಗಿದು ಹೊಂಗೆ ಸಾಲು ಶುರುವಾಗುವ ಕಡೆ. ಹಿಂದೆ ನಾಲೆ ರಿಪೇರಿಗೆ ಬಂದ ಜನ ಅಲ್ಲೇ ನಿಂತು ಮನೆ ಕಟ್ಟಿಕೊಂಡರು. ಹನ್ನೊಂದು ಮನೆ. ನೆಲ ನೀರಾವರಿಯವರದು, ಹಾಗಾಗಿ ಪಂಚಾಯ್ತಿಯಲ್ಲಿ ಖಾತೆ ಇಲ್ಲ. ಖಾತೆ ಇಲ್ಲದ್ದರಿಂದ ಮನೆ ಮನೆಗೆ ನಲ್ಲಿ ಹಾಕುವಾಗ ಅವರಿಗೆ ಹಾಕಲಿಲ್ಲ. ಬೀದಿಯ ಕೊನೆಯಲ್ಲಿ ಒಂದು ನೀರಿನ ತೊಂಬೆ ಇದೆ, ಆ ಸಣ್ಣ ಸಿಮೆಂಟಿನ ಟ್ಯಾಂಕಿನಿಂದ ಹೊತ್ತುಕೊಂಡು ಹೋಗುತ್ತಾರೆ. ನೀರು ಜೋರಾಗಿದ್ದರೆ ಅದು ತುಂಬುತ್ತದೆ, ಇಲ್ಲದಿದ್ದರೆ ಇಲ್ಲ.

“ಏನ್ ಪುಟ್ಟವ್ವ, ಊರ್ನೆಲ್ಲ ಎಣಿಸ್ಬುಟ್ಯಂತೆ,” ಎಂದ ಚಲುವಯ್ಯ, ಕೊಡ ಕೆಳಗಿಟ್ಟು.

“ಊ ಕಣಣ್ಣ. ಮುವ್ವತ್ನಾಕು ಕಮ್ಮಿ ಬಂತು.”

“ನಮ್ಮುನ್ನೂ ಎಣಿಸ್ದ್ಯಾ?”

ಪುಟ್ಟಲಕ್ಷ್ಮಿಯ ಕೈ ಕೀ ಮೇಲೆ ನಿಂತಿತು.

“ನೀರಿಲ್ದೋರ್ಗೆ ಓಟೂ ಇಲ್ವಾ?” ಎಂದು ಅವನು ಕೇಳಿದ. ಬೈದ ಹಾಗಿರಲಿಲ್ಲ, ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ ಹಾಗಿತ್ತು. ಆಮೇಲೆ ಕೊಡ ಎತ್ತಿಕೊಂಡು ತೊಂಬೆ ಕಡೆ ಹೋದ.

ಅವತ್ತು ಪುಟ್ಟಲಕ್ಷ್ಮಿ ವಾಲಿನ ಗುಂಡಿಯ ಪಕ್ಕ ಕಲ್ಲಿನ ಮೇಲೆ ಕುಳಿತವಳು ಏಳಲೇ ಇಲ್ಲ. ಕೆಳಗಲ ಬೀದಿಗೆ ಇಪ್ಪತ್ತು ನಿಮಿಷ ಜಾಸ್ತಿ ನೀರು ಬಂತು. ಜನ ಅಂಡೆ, ಕಡಾಯಿ, ಮಗುವಿನ ಟಬ್ಬು, ಎಲ್ಲ ತುಂಬಿಸಿಕೊಂಡು, ಇವತ್ತೇನು ವಿಶೇಷ ಅಂತ ಮಾತಾಡಿಕೊಂಡರು. ನಾಲ್ಕನೇ ವಾಲಿನ ಹುಂಡಿಯವರು ಕೊಡ ಬಡಿದುಕೊಂಡು ಬಂದ ಮೇಲೆ ಎದ್ದಳು.

“ಅನ್ನೊಂದು ವರ್ಸದಿಂದ ದಿನಾ ನೋಡ್ತಿದ್ದೀನಿ ದೊಡ್ಡವ್ವ ಅವ್ರುನ್ನ,” ಎಂದಳು ನನ್ನ ಹತ್ತಿರ. “ನಲ್ಲಿ ಎಣಿಸ್ದೆ. ನಲ್ಲಿ ಇಲ್ದೋರು ಲೆಕ್ಕಕ್ಕೇ ಬರ್ಲಿಲ್ಲ.”

ಮಧ್ಯಾಹ್ನವೇ ಮಡಿಲಿಗೆ ಹುಣಿಸೆ ಬೀಜ ಕಟ್ಟಿಕೊಂಡು ಏರಿಗೆ ಹೋದಳು. ಚಲುವಯ್ಯ ಹೊಂಗೆ ನೆರಳಲ್ಲಿ ಹಗ್ಗ ಹೊಸೆಯುತ್ತಿದ್ದ. ತಪ್ಪಾಯಿತು ಎಂದಳು. ಅವನು ಹಗ್ಗ ಬಿಡಲಿಲ್ಲ.

“ಈಗ್ಯಾಕೆ ಬಂದೆ? ಮುವ್ವತ್ನಾಕು ಬೇಕಾಗದೆ, ಅದ್ಕೆ ತಾನೆ?”

“ಅದ್ಕೂ ಬಂದೆ. ಸುಳ್ಯಾಕೆ ಏಳ್ಲಿ.”

“ನಿಮ್ ಲೆಕ್ಕ ತುಂಬ್ಸಕ್ಕೆ ನಾವ್ ಬೇಕು. ಪೈಪು ಆಕ್ಸೋವಾಗ ಎತ್ತಗೋಗಿದ್ರಿ?”

“ಪೈಪು ನನ್ ಕೈಲಿಲ್ಲ ಕಣಣ್ಣ. ಆಕುಸ್ತೀನಿ ಅಂದ್ರೆ ಅದು ಮೆಂಬರ್ರು ಏಳೋ ಮಾತು. ನನ್ ಕೈಲಿರದು ಇದೊಂದೇಯ,” ಎಂದು ಹೆಗಲ ಮೇಲಿನ ಕೀ ಇಳಿಸಿ ನೆಲಕ್ಕೆ ಊರಿದಳು. “ನಿಮ್ಮ ಕಟ್ಟಕಡೇ ಕೊಡ ತುಂಬೋಗಂಟ ಮೂರ್ನೇ ವಾಲು ಮುಚ್ಚಲ್ಲ. ನೀವು ಬಂದ್ರೂ ಸರಿ, ಬರ್ದಿದ್ರೂ ಸರಿ. ನಾಳೆಯಿಂದ್ಲೇಯ.”

ಚಲುವಯ್ಯ ಹಗ್ಗದ ತುದಿ ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಇನ್ನೆರಡು ಸುತ್ತು ಹೊಸೆದ. ಆಮೇಲೆ ಒಳಗಿನಿಂದ ಓಟಿನ ಕಾರ್ಡು ತಂದು ತೋರಿಸಿದ. ಅದರಲ್ಲಿ ವಿಳಾಸ ಕೆಳಗಲ ಬೀದಿ ಎಂದೇ ಇತ್ತು. ಮಿಕ್ಕ ಹತ್ತು ಮನೆಯ ಕಾರ್ಡಿನಲ್ಲೂ ಹಾಗೇ ಇತ್ತು. ಓಟು ಹಾಕುವುದಕ್ಕೆ ಅವರು ಯಾವಾಗಲೂ ಕೆಳಗಲ ಬೀದಿಯವರು, ಬೀದಿ ಎಣಿಸುವಾಗ ಮಾತ್ರ ಅಲ್ಲ. ಹನ್ನೊಂದು ಮನೆಗೆ ನಲವತ್ಮೂರು ಬೀಜ. ಮುನ್ನೂರ ಅರವತ್ತಾರಕ್ಕೆ ಕೂಡಿದರೆ ನಾನೂರ ಒಂಬತ್ತು.

ವಿಚಾರಣೆಯ ದಿನ ಬೆಳಗಿನ ಬಸ್ಸಿಗೆ ಹದಿನೆಂಟು ಹೆಂಗಸರು ಹತ್ತಿದೆವು. ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ಸುಮ್ಮನೆ ನರಸೀಪುರ ನೋಡಿಬರೋಣ ಎಂದು ಬಂದವರೂ ಇದ್ದರು. ಟಿಕೆಟ್ ತೆಗೆದುಕೊಂಡವನು ಚಲುವಯ್ಯ ಒಬ್ಬನೇ. ಕಂಡಕ್ಟರು ಎಲ್ಲರ ಆಧಾರ್ ನೋಡಿ ಸುಸ್ತಾಗಿ, “ಏನ್ರಮ್ಮ, ಮದ್ವೆ ದಿಬ್ಬಣವಾ?” ಎಂದ. ಸಿದ್ದಲಿಂಗಮ್ಮ ಚಲುವಯ್ಯನ ಕಡೆ ಕೈ ತೋರಿಸಿ, “ಊ ಕಣಪ್ಪ, ಗಂಡು ಅವ್ನೇ,” ಎಂದಳು. ಚಲುವಯ್ಯ ಕಿಟಕಿ ಕಡೆ ತಿರುಗಿ ಕುಳಿತ.

ಗಂಗಾಧರಸ್ವಾಮಿಯವರು ಬೈಕಿನಲ್ಲಿ ಮೊದಲೇ ಬಂದು ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದರು. ಎಲ್ಲರಿಗೂ ಕೈ ಮುಗಿದು, “ಕಾಫಿ ಆಯ್ತಾ?” ಎಂದು ವಿಚಾರಿಸಿದರು. ಪುಟ್ಟಲಕ್ಷ್ಮಿಗೆ ಮಾತ್ರ, “ನೀರ್ ಬಿಡೋದು ಬಿಟ್ಟು ಇದ್ಯಾಕಮ್ಮ ನಿಂಗೆ?” ಎಂದರು.

“ಬಿಟ್ಟೇ ಬಂದೀವ್ನಿ ಬುದ್ಧಿ. ನಿಮ್ ಬೀದೀಗೆ ಐದೂವರೆಗೆ ಬಂತಲ್ಲ.”

“ಬಂತು ಬಂತು,” ಎಂದರು ಅವರು.

ತಹಸೀಲ್ದಾರರು ಹೆಂಗಸು, ಕನ್ನಡಕ ಹಾಕಿಕೊಂಡವರು. ಹತ್ತೊಂಬತ್ತು ಜನ ಒಳಗೆ ನುಗ್ಗಿದ್ದನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅರ್ಜಿ ಓದಿದರು. ಪಂಚಾಯ್ತಿ ಕಳಿಸಿದ ಪಟ್ಟಿ ತೆಗೆಸಿದರು. ಅದರಲ್ಲಿ ಕೆಳಗಲ ಬೀದಿ ಮುನ್ನೂರ ಅರವತ್ತು ಚಿಲ್ಲರೆ, ನಾನೂರಿಲ್ಲ ಎಂದರು.

“ಅದ್ರಲ್ಲಿ ಏರಿ ಮೇಲಿನ ಅನ್ನೊಂದು ಮನೆ ಬಿಟ್ಟೋಗದೆ ಮೇಡಮ್ಮೋರೆ,” ಎಂದಳು ಪುಟ್ಟಲಕ್ಷ್ಮಿ. “ನಮ್ ಪಂಚಾಯ್ತಿಯೋರು ಖಾತೆ ನೋಡಿ ಬರ್ಕಂಡ್ರು, ಅವ್ರಿಗೆ ಖಾತೆ ಇಲ್ಲ. ನಾನು ನಲ್ಲಿ ನೋಡಿ ಎಣಿಸ್ದೆ, ಅವ್ರಿಗೆ ನಲ್ಲಿನೂ ಇಲ್ಲ. ಇಬ್ರೂ ಬಿಟ್ವಿ. ಓಟಿನ ಕಾರ್ಡಿನೋರು ಮಾತ್ರ ಬಿಟ್ಟಿಲ್ಲ, ನೋಡಿ.” ಚಲುವಯ್ಯ ಜೇಬಿನಿಂದ ಕಾರ್ಡುಗಳ ಕಟ್ಟು ತೆಗೆದು, ರಬ್ಬರ್ ಬ್ಯಾಂಡ್ ಬಿಚ್ಚಿ, ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿದ.

ಗಂಗಾಧರಸ್ವಾಮಿಯವರು ಮುಂದೆ ಬಂದರು. “ಮೇಡಂ, ಒಂದು ಅರಿಕೆ. ಈಯಮ್ಮನ ಮನೆ ಕೆಳಗಲ ಬೀದೀಲಿ ಇಲ್ಲ. ಕರಡಲ್ಲಿ ನಮ್ಮ ದೊಡ್ಡ ಬೀದಿ ವಾರ್ಡಿಗೇ ಬರ್ತಾರೆ. ಸಂಬಂಧ ಇಲ್ದೋರು ತಕರಾರು ಹಾಕಬೋದಾ?”

ತಹಸೀಲ್ದಾರರು ಪುಟ್ಟಲಕ್ಷ್ಮಿಯನ್ನು ನೋಡಿದರು. “ನೀವು ಕೇಳಿರೋ ಹಾಗೆ ವಾರ್ಡು ಮಾಡಿದರೆ ನಿಮ್ಮ ಮನೆ ಯಾವುದಕ್ಕೆ ಬರುತ್ತೆ?”

“ಆಗ್ಲೂ ದೊಡ್ಡ ಬೀದಿಗೇ ಮೇಡಮ್ಮೋರೆ. ನಮ್ದು ಒಂದ್ನೇ ವಾಲು.”

“ಮತ್ತೆ ನಿಮಗೇನು ಬಂತು ಇದರಿಂದ?”

ಪುಟ್ಟಲಕ್ಷ್ಮಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಆ ಬೀದಿಗೆ ಕೇಳೋರಿಲ್ದಾಗ ನೀರು ಮದ್ಯಾನಕ್ ಬಿಡು ಅಂತಾರೆ. ಬಿಡೋಳು ನಾನು. ಬೈಸ್ಕಳೋಳೂ ನಾನು. ನಮ್ಮೆಜಮಾನ್ರು ಬೈಸ್ಕಂಡಿದ್ದು ಸಾಕು.”

ತಹಸೀಲ್ದಾರರು ಕಾರ್ಡುಗಳ ನಂಬರು ಬರೆಸಿಕೊಂಡರು. ಗ್ರಾಮ ಲೆಕ್ಕಿಗರನ್ನು ಕಳಿಸಿ ಸ್ಥಳ ನೋಡಿಸುತ್ತೇನೆ, ಆಮೇಲೆ ವರದಿ ಮೇಲಕ್ಕೆ ಹೋಗುತ್ತದೆ, ಆಗುತ್ತೆ ಅಂತಲೂ ಹೇಳಲ್ಲ, ಆಗಲ್ಲ ಅಂತಲೂ ಹೇಳಲ್ಲ ಎಂದರು. ಸಂಜೆ ಬಸ್ಸಿಗೆ ಇನ್ನೂ ಐದು ಗಂಟೆ ಇತ್ತು. ಹತ್ತೊಂಬತ್ತು ಜನವೂ ಸಂಗಮಕ್ಕೆ ಹೋಗಿ ಕಾಲು ತೊಳೆದು, ತಂದಿದ್ದ ಚಿತ್ರಾನ್ನ ತಿಂದೆವು. ಎರಡು ಹೊಳೆ ಸೇರುವ ಕಡೆ ನೀರನ್ನೇ ನೋಡುತ್ತ ಕುಳಿತ ಪುಟ್ಟಲಕ್ಷ್ಮಿ, “ಇಷ್ಟೊಂದ್ ನೀರು, ಒಂದ್ ವಾಲೂ ಇಲ್ಲ ನೋಡು,” ಎಂದಳು.

ಗ್ರಾಮ ಲೆಕ್ಕಿಗರು ನಾಲ್ಕನೇ ದಿನ ಬಂದರು. ಏರಿಯ ಮೇಲೆ ನಡೆದು ಹನ್ನೊಂದು ಮನೆಯ ಮುಂದೂ ನಿಂತು ತಲೆ ಎಣಿಸಿದರು. ಒಂದು ಮನೆಯವರು ಹುಲ್ಲಹಳ್ಳಿ ಕಡೆ ಕಬ್ಬು ಕಡಿಯಲು ಹೋಗಿದ್ದರು. ಬಾಗಿಲಿಗೆ ಬೀಗ. ಹಾಗಾದರೆ ಅವರನ್ನು ಬಿಡಬೇಕಾಗುತ್ತೆ ಎಂದರು ಲೆಕ್ಕಿಗರು. ಚಲುವಯ್ಯ ಅವರ ಕೈಗೆ ಫೋನ್ ಕೊಟ್ಟ. ಗದ್ದೆಯಿಂದ ಮನೆಯ ಐದೂ ಜನ ವಿಡಿಯೋದಲ್ಲಿ ಸಾಲಾಗಿ ನಿಂತು, ಕೈಯಲ್ಲಿ ಮಚ್ಚು ಹಿಡಿದುಕೊಂಡೇ ನಮಸ್ಕಾರ ಮಾಡಿದರು. ಲೆಕ್ಕಿಗರು ನಗುತ್ತ ಬರೆದುಕೊಂಡರು.

ಒಂದು ತಿಂಗಳಾದ ಮೇಲೆ ನೋಟೀಸ್ ಬೋರ್ಡಿಗೆ ಹೊಸ ಹಾಳೆ ಬಂತು. ಈ ಸಲ ಬೀಡಿ ಸೇದುವವರೇ ಎದ್ದು ಜಾಗ ಬಿಟ್ಟು, “ಓದವ್ವ ನಮ್ಗೂ ಕೇಳ್ಲಿ,” ಎಂದರು. ಪುಟ್ಟಲಕ್ಷ್ಮಿ ಬೆರಳಿಟ್ಟು ಓದಿದಳು. ಕೆಳಗಲ ಬೀದಿ ಪೂರ್ತಿ, ನಾಲೆ ಏರಿಯ ಹನ್ನೊಂದು ಮನೆ ಸೇರಿ, ಒಂದು ವಾರ್ಡು. ಎಲ್ಲೆ ಬೀದಿಯ ಬಾಯಿಯಿಂದ ಹೊಂಗೆ ಸಾಲಿನವರೆಗೆ ನೇರಕ್ಕೆ ಹೋಗುತ್ತದೆ. ಮೂಲೆಯ ಒಂದು ಮನೆ ಬಿಟ್ಟು. ಆ ಮನೆ ದೊಡ್ಡ ಬೀದಿಗೆ.

ಸಿದ್ದಲಿಂಗಮ್ಮನಿಗೆ ಅದೊಂದೇ ಬೇಜಾರು. “ಬೀದಿ ಉಳಿಸ್ದೋಳ ಓಟೇ ನಮ್ಗಿಲ್ವಲ್ಲ,” ಎಂದು ಮೂರು ದಿನ ಹೇಳಿಕೊಂಡು ಓಡಾಡಿದಳು. ಗಂಗಾಧರಸ್ವಾಮಿಯವರಿಗೆ ಆ ವಿಷಯದಲ್ಲಿ ಬೇಜಾರಿರಲಿಲ್ಲ. ಬೈಕ್ ನಿಲ್ಲಿಸಿ, “ಏನಮ್ಮ, ಅಂತೂ ನಮ್ಮ ವಾರ್ಡಲ್ಲೇ ಉಳಕಂಡೆ. ಓಟು ನಮಗೇ ತಾನೆ?” ಎಂದು ಕೇಳಿದರು.

“ನೋಡಾನ ಬುದ್ಧಿ. ಮೊದ್ಲು ಸ್ಟಾರ್ಟರ್ ರಿಪೇರಿ ಮಾಡ್ಸಿ. ಸುಟ್ಟು ಎಲ್ಡು ತಿಂಗ್ಳಾಯ್ತು, ದಿನಾ ಕಡ್ಡಿ ಚುಚ್ಚಿ ಆನ್ ಮಾಡ್ತೀವ್ನಿ.”

ಸ್ಟಾರ್ಟರ್ ಆ ವಾರದಲ್ಲೇ ಬಂತು. ಏರಿಯ ಮನೆಗಳಿಗೆ ಪೈಪು ಇನ್ನೂ ಬಂದಿಲ್ಲ.

ಇವತ್ತು ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಅವಳು ಮೂರನೇ ವಾಲಿನ ಹತ್ತಿರ ಬಂದಿದ್ದಳು. ಗುಂಡಿಯ ಮೇಲಿನ ಕಲ್ಲು ಸರಿಸಿ, ಕೀ ಇಳಿಸಿ, ಮೈ ಭಾರ ಬಿಟ್ಟು ಏಳು ಸುತ್ತು ತಿರುವಿದಳು. ನಲ್ಲಿಗಳು ಕೆಮ್ಮಿ ಸುರಿಯತೊಡಗಿದವು. ಮುಕ್ಕಾಲು ಗಂಟೆಯಲ್ಲಿ ಬೀದಿಯ ಅಂಡೆಗಳೆಲ್ಲ ತುಂಬಿ, ನಲ್ಲಿಗಳು ಒಂದೊಂದಾಗಿ ನಿಂತವು. ಪೈಪು ಗುಂಯ್ ಎನ್ನತೊಡಗಿತು. ಆಚೆಯಿಂದ ಹುಂಡಿಯವರು ಯಾರೋ ಕೂಗಿದರು. “ಬತ್ತೀನಿ ಇರ್ರಿ,” ಎಂದು ಇವಳೂ ಕೂಗಿ, ವಾಲಿನ ಮೇಲೆ ಕೈಯಿಟ್ಟುಕೊಂಡು ಕುಳಿತಳು. ತೊಂಬೆಯ ಹತ್ತಿರ ಕೊಡಗಳ ಸಾಲು ಕರಗುತ್ತ ಬಂತು. ಕೊನೆಗೆ ಚಲುವಯ್ಯ ತನ್ನ ಎರಡನೇ ಕೊಡ ತುಂಬಿಸಿ, ಹೆಗಲಿಗೇರಿಸಿ, ಇತ್ತ ಕಡೆ ತಲೆಯಾಡಿಸಿದ. ಅವಳು ಎದ್ದು ಏಳು ಸುತ್ತು ಹಿಂದಕ್ಕೆ ತಿರುವಿದಳು, ಕಲ್ಲು ಮುಚ್ಚಿದಳು, ಕೀ ಹೆಗಲಿಗೆ ಹಾಕಿಕೊಂಡು ನಾಲ್ಕನೇ ವಾಲಿನ ಕಡೆ ನಡೆದಳು.